ಮೈಸೂರಿನ ಪಾಚಿ, ಬಯಲುಸೀಮೆಯ ಹೃದಯ

ಗುಬ್ಬಿ ತಾಲ್ಲೂಕಿನ ಚೇಳೂರು ಹೋಬಳಿಯನ್ನು ಒಳಗೊಂಡ ತುಮಕೂರು ಸೀಮೆಯ ಆಹಾರಚರಿತ್ರೆಯಲ್ಲಿ ಪಾಚಿಗೆ ಯಾವ ಸ್ಥಾನವೂ ಇರಲಿಲ್ಲ. ಕೆರೆಯನ್ನೇ ನಂಬಿ ಬದುಕಿದ ಈ ನಾಡಿನಲ್ಲಿ ಕೆರೆಯ ಮೀನು, ಏಡಿ, ದಂಡೆಯ ಹೊನಗೊನ್ನೆ ಸೊಪ್ಪು ಮೊದಲಾದವೆಲ್ಲ ಒಂದಲ್ಲ ಒಂದು ಸಮುದಾಯದ ಅಡುಗೆಮನೆ ಸೇರಿದವು. ಆದರೆ ಸೋಪಾನದ ಕಲ್ಲಿಗೆ ಅಂಟಿ ಕಾಲು ಜಾರಿಸುವ, ಬೇಸಿಗೆಯಲ್ಲಿ ನೀರಿನ ಮೇಲೆ ಹಸಿರು ಕೆನೆಯಾಗಿ ಕಟ್ಟುವ ಹಾವಸೆಯನ್ನು ಮಾತ್ರ ಜನ ದನಕರುಗಳಿಗೂ ಆಗದ ವಸ್ತುವೆಂದು ದೂರವಿಟ್ಟರು. 1800ರಲ್ಲಿ ಗುಬ್ಬಿಯ ಮೂಲಕ ಹಾದುಹೋದ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯ ಬೆಳೆ, ಸಂತೆ, ಕಸುಬುಗಳನ್ನು ಬಿಡಿಬಿಡಿಯಾಗಿ ದಾಖಲಿಸುತ್ತ ರಾಗಿ, ಹುರುಳಿ, ಹುಚ್ಚೆಳ್ಳು, ತೆಂಗುಗಳಿಗೆ ಪುಟಗಳನ್ನೇ ಮೀಸಲಿಟ್ಟಿದ್ದಾನೆ. ಇಂದಿಗೂ ಚೇಳೂರಿನ ಊಟದ ಚೌಕಟ್ಟು ಬಹುಪಾಲು ಅದೇ. ಹೀಗಿರುವಾಗ ಪಾಚಿಯ ಮಾತ್ರೆ, ಪಾಚಿಯ ಎಣ್ಣೆಯ ಕ್ಯಾಪ್ಸೂಲುಗಳು ಹೃದಯದ ಹೆಸರು ಹೊತ್ತು ತುಮಕೂರಿನ ಔಷಧ ಅಂಗಡಿಗಳ ಕಪಾಟಿಗೆ ಬಂದದ್ದು ಹೇಗೆ ಎಂಬ ಪ್ರಶ್ನೆ ಏಳುತ್ತದೆ. ಅದರ ಉತ್ತರದ ಒಂದು ಮುಖ್ಯ ಭಾಗ ಮೈಸೂರಿನಲ್ಲಿದೆ, ಮತ್ತು ಆ ಕಥೆ ಶುರುವಾದದ್ದು ಹೃದಯದಿಂದಲ್ಲ, ಹಸಿವಿನಿಂದ.

ಪಾಚಿಯನ್ನು ಉಣ್ಣುವ ಪದ್ಧತಿ ಜಗತ್ತಿನ ಎರಡು ಕಡೆ ಬಹಳ ಹಿಂದೆಯೇ ಬೇರೂರಿತ್ತು. ಮೆಕ್ಸಿಕೊದ ಟೆಕ್ಸ್‌ಕೋಕೊ ಸರೋವರದ ದಂಡೆಯ ಅಜ್ಟೆಕ್ ಜನ ನೀರಿನ ಮೇಲಿನ ಹಸಿರು ಕೆನೆಯನ್ನು ಸಣ್ಣ ಕಣ್ಣಿನ ಬಲೆಗಳಿಂದ ಎತ್ತಿ, ಒಣಗಿಸಿ, ಬಿಲ್ಲೆ ಮಾಡಿ ಸಂತೆಯಲ್ಲಿ ಮಾರುತ್ತಿದ್ದರೆಂದು 16ನೆಯ ಶತಮಾನದ ಸ್ಪೇನಿನ ದಾಖಲೆಗಳು ಹೇಳುತ್ತವೆ. ಆಫ್ರಿಕಾದ ಚಾಡ್ ಸರೋವರದ ಸುತ್ತಲಿನ ಕನೆಂಬು ಸಮುದಾಯದ ಹೆಂಗಸರು ಇಂಥದೇ ಪಾಚಿಯನ್ನು ಮರಳಿನ ಗುಂಡಿಗಳಲ್ಲಿ ಹರಡಿ ಒಣಗಿಸಿ, ದಿಹೆ ಎಂಬ ಹೆಸರಿನಲ್ಲಿ ಸಾರಿಗೆ ಹಾಕುವುದನ್ನು ಇಂದಿಗೂ ಬಿಟ್ಟಿಲ್ಲ. 1940ರಲ್ಲಿ ಫ್ರಾನ್ಸಿನ ಪಾಚಿತಜ್ಞ ಪಿ. ದಾಂಜಾರ್ ಈ ದಿಹೆಯ ಮಾದರಿಯನ್ನು ಪರೀಕ್ಷಿಸಿ ಅದು ಸುರುಳಿ ಆಕಾರದ ನೀಲಿ-ಹಸಿರು ಪಾಚಿ ಎಂದು ಬರೆದನಾದರೂ ಆ ಬರಹ ಹೆಚ್ಚು ಜನರ ಕಣ್ಣಿಗೆ ಬೀಳಲಿಲ್ಲ. 1964-65ರ ಬೆಲ್ಜಿಯಂ ಸಹಾರಾ ಯಾತ್ರೆಯಲ್ಲಿದ್ದ ಸಸ್ಯವಿಜ್ಞಾನಿ ಜಾನ್ ಲಿಯೊನಾರ್ ಅದನ್ನು ಮತ್ತೆ ಗುರುತಿಸಿದ ಮೇಲೆಯೇ ಸ್ಪಿರುಲಿನಾ ಎಂಬ ಹೆಸರು ಪ್ರಯೋಗಾಲಯಗಳಲ್ಲಿ ಓಡಾಡತೊಡಗಿತು. ಸಸ್ಯದಂತೆ ಬಿಸಿಲಿನಿಂದ ಆಹಾರ ತಯಾರಿಸಿಕೊಂಡರೂ ಜೀವಕೋಶದ ರಚನೆಯಲ್ಲಿ ಬ್ಯಾಕ್ಟೀರಿಯಾಗಳ ಕುಲಕ್ಕೆ ಸೇರಿದ ಈ ಜೀವಿ ಕಟ್ಟುನಿಟ್ಟಿನ ಅರ್ಥದಲ್ಲಿ ಪಾಚಿಯೇ ಅಲ್ಲ. ಆದರೂ ಬಳಕೆಯಲ್ಲಿ ಆ ಹೆಸರೇ ಉಳಿದಿದೆ.

ಸ್ಪಿರುಲಿನಾ ಬೆಳೆಯುವ ನೀರು ಸಾಮಾನ್ಯ ನೀರಲ್ಲ. ಅದಕ್ಕೆ ಕ್ಷಾರ ಬೇಕು, ಅಂದರೆ ಅಡುಗೆ ಸೋಡಾದಂಥ ಲವಣಗಳು ಕರಗಿ, ಮುಟ್ಟಿದರೆ ಸಾಬೂನಿನ ಹಾಗೆ ನುಣುಪಾಗುವ ನೀರು ಬೇಕು. ಬೇರೆ ಸೂಕ್ಷ್ಮಜೀವಿಗಳು ಬಾಳಲಾಗದ ಅಂಥ ನೀರಿನಲ್ಲಿ ಇದು ಎದುರಾಳಿಗಳಿಲ್ಲದೆ ಹಬ್ಬುತ್ತದೆ. ತುಮಕೂರು, ಚಿತ್ರದುರ್ಗ ಸೀಮೆಗಳ ಒಣ ನೆಲದಲ್ಲಿ ಬೇಸಿಗೆಗೆ ಬಿಳಿಯಾಗಿ ಉಕ್ಕುವ ಚೌಳು ಮಣ್ಣನ್ನು ಮಡಿವಾಳರು ಬಟ್ಟೆ ಒಗೆಯಲು ಬಳಸುತ್ತಿದ್ದುದು ಇದೇ ಕ್ಷಾರದ ಗುಣಕ್ಕಾಗಿ. ಚಾಡಿನ ಜನ ಊಟದ ಬಟ್ಟಲಿಗೆ ತಂದುಕೊಂಡ ರಸಾಯನವನ್ನು ಬಯಲುಸೀಮೆಯ ಜನ ಒಗೆಯುವ ಕಲ್ಲಿಗೆ ಮೀಸಲಿಟ್ಟರು ಎನ್ನಬಹುದು. ಇಲ್ಲಿನ ಸಿಹಿನೀರಿನ ಕೆರೆಗಳ ಮೇಲೆ ಕಟ್ಟುವ ಹಸಿರು ಕೆನೆ ಸ್ಪಿರುಲಿನಾ ಅಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು. ಅದು ಹಲವು ಸಲ ಮೈಕ್ರೊಸಿಸ್ಟಿಸ್ ಎಂಬ ಇನ್ನೊಂದು ನೀಲಿ-ಹಸಿರು ಜೀವಿಯಾಗಿದ್ದು, ಅದರ ಕೆಲವು ತಳಿಗಳು ಯಕೃತ್ತನ್ನು, ಎಂದರೆ ಪಿತ್ತಜನಕಾಂಗವನ್ನು, ಕೆಡಿಸುವ ವಿಷವನ್ನು ಬಿಡುತ್ತವೆ. ಹಳ್ಳಿಯ ಹಿರಿಯರು ಆ ನೀರಿಗೆ ದನ ಬಿಡಬೇಡಿ ಎಂದದ್ದರ ಹಿಂದೆ ಅನುಭವದ ಆಧಾರವಿತ್ತು.

ಎರಡನೆಯ ಮಹಾಯುದ್ಧದ ನಂತರದ ಎರಡು ದಶಕಗಳಲ್ಲಿ ಬಡ ದೇಶಗಳ ಮಕ್ಕಳನ್ನು ಕಾಡುತ್ತಿರುವುದು ಮುಖ್ಯವಾಗಿ ಪ್ರೋಟೀನಿನ ಕೊರತೆ ಎಂಬ ನಂಬಿಕೆ ಜಗತ್ತಿನಾದ್ಯಂತ ಬಲವಾಯಿತು; 1968ರಲ್ಲಿ ವಿಶ್ವಸಂಸ್ಥೆಯೇ ಪ್ರೋಟೀನ್ ಬಿಕ್ಕಟ್ಟು ಸಮೀಪಿಸಿದೆಯೆಂದು ಎಚ್ಚರಿಸುವ ವರದಿಯನ್ನು ಹೊರಡಿಸಿತು. ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರ ಅಕ್ಟೋಬರ್ 21ರಂದು ಉದ್ಘಾಟನೆಗೊಂಡ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ಮೊದಲ ದಶಕಗಳ ಕೆಲಸದಲ್ಲಿ ಈ ಚಿಂತೆ ಎದ್ದು ಕಾಣುತ್ತದೆ. ಮೊದಲ ನಿರ್ದೇಶಕ ವಿ. ಸುಬ್ರಹ್ಮಣ್ಯನ್ ಅವರ ಕಾಲದಲ್ಲಿ ಅಲ್ಲಿ ಎಣ್ಣೆ ತೆಗೆದ ಕಡಲೆಕಾಯಿ ಹಿಂಡಿಯ ಹಿಟ್ಟಿಗೆ ಕಡಲೆ ಹಿಟ್ಟು ಬೆರೆಸಿದ ಬಹೂಪಯೋಗಿ ಆಹಾರ ಸಿದ್ಧವಾಯಿತು. ಪಾವಗಡ, ಶಿರಾಗಳ ಒಣ ಹೊಲದಲ್ಲಿ ಬೆಳೆದು, ಗಾಣ ಮತ್ತು ಮಿಲ್ಲುಗಳಲ್ಲಿ ಎಣ್ಣೆ ಕಳೆದುಕೊಂಡು ದನದ ಮೇವಾಗಿ ಹೋಗುತ್ತಿದ್ದ ಹಿಂಡಿಯನ್ನು ಮಗುವಿನ ಬಟ್ಟಲಿಗೆ ತರುವ ಈ ಯತ್ನ ನೆಲದ ಬೆಳೆಯನ್ನೇ ನಂಬಿತ್ತು. ಪಾಚಿ ಅದರ ಮುಂದಿನ ಹೆಜ್ಜೆ: ಹೊಲವನ್ನೂ ಮಳೆಯನ್ನೂ ಕಾಯದೆ, ಆಳವಿಲ್ಲದ ತೊಟ್ಟಿಯಲ್ಲಿ ಬೆಳೆಯುವ ಪ್ರೋಟೀನು.

1970ರ ದಶಕದಲ್ಲಿ ಜರ್ಮನಿಯ ತಾಂತ್ರಿಕ ನೆರವಿನೊಂದಿಗೆ ಮೈಸೂರಿನ ಸಂಸ್ಥೆಯಲ್ಲಿ ಪಾಚಿ ಯೋಜನೆ ಆರಂಭವಾಯಿತು. ಅದರ ಮುಂಚೂಣಿಯಲ್ಲಿದ್ದವರು ಎಲ್. ವಿ. ವೆಂಕಟರಾಮನ್; ಜರ್ಮನಿಯ ಇ. ಡಬ್ಲ್ಯು. ಬೆಕರ್ ಅವರೊಂದಿಗೆ ಸೇರಿ ಅವರು ಬರೆದ ಪುಸ್ತಕ ಭಾರತದ ಪಾಚಿ ಕೃಷಿಗೆ ಬಹುಕಾಲ ಕೈಪಿಡಿಯಾಗಿತ್ತು. ಮೊದಲು ಆರಿಸಿಕೊಂಡದ್ದು ಸೀನೆಡೆಸ್ಮಸ್ ಎಂಬ ಹಸಿರು ಪಾಚಿಯನ್ನು. ಅದು ಚೆನ್ನಾಗಿ ಬೆಳೆಯಿತು, ಆದರೆ ಎರಡು ತೊಡಕುಗಳಿದ್ದವು. ಕಣಗಳು ತೀರ ಸಣ್ಣವಾದ್ದರಿಂದ ನೀರಿನಿಂದ ಬೇರ್ಪಡಿಸಲು ವೇಗವಾಗಿ ತಿರುಗುವ ದುಬಾರಿ ಯಂತ್ರ ಬೇಕಾಗುತ್ತಿತ್ತು; ಜೀವಕೋಶದ ಸುತ್ತ ಗಟ್ಟಿ ಕವಚವಿದ್ದುದರಿಂದ ಕಾದ ಉರುಳೆಗಳ ಮೇಲೆ ಒಣಗಿಸಿ ಆ ಕವಚವನ್ನು ಒಡೆಯದ ಹೊರತು ಮನುಷ್ಯನ ಹೊಟ್ಟೆಯಲ್ಲಿ ಅದು ಜೀರ್ಣವಾಗುತ್ತಿರಲಿಲ್ಲ. ಸ್ಪಿರುಲಿನಾಕ್ಕೆ ಈ ಎರಡೂ ತೊಂದರೆಗಳಿಲ್ಲ. ಅದರ ಸುರುಳಿ ದಾರಗಳು ಅರ್ಧ ಮಿಲಿಮೀಟರಿನ ಆಸುಪಾಸಿನವರೆಗೂ ಉದ್ದವಾಗುವುದರಿಂದ ಒತ್ತಾಗಿ ನೇಯ್ದ ಬಟ್ಟೆಯಲ್ಲಿ ಸೋಸಿದರೆ ಸಾಕು, ನೀರು ಇಳಿದು ಕಡುಹಸಿರು ಮುದ್ದೆ ಬಟ್ಟೆಯಲ್ಲಿ ಉಳಿಯುತ್ತದೆ. ಕೋಶದ ಹೊರಪದರ ತೆಳುವಾದ್ದರಿಂದ ಸುಲಭವಾಗಿ ಅರಗುತ್ತದೆ. ಒಣಗಿದ ಪುಡಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು, ಸುಮಾರು 55ರಿಂದ 70 ಪ್ರತಿಶತ, ಪ್ರೋಟೀನೇ ಇರುತ್ತದೆ.

ಮೈಸೂರಿನವರ ನಿಜವಾದ ಕೊಡುಗೆ ಅಷ್ಟೇನೂ ಸುದ್ದಿಯಾಗದ ಒಂದು ಲೆಕ್ಕಾಚಾರದಲ್ಲಿದೆ. ಫ್ರಾನ್ಸಿನಲ್ಲಿ ಸಂಶೋಧನೆ ಮಾಡಿದ ಜರೂಕ್ 1966ರಲ್ಲಿ ರೂಪಿಸಿದ ಪೋಷಕ ದ್ರಾವಣವೇ ಜಗತ್ತಿನೆಲ್ಲೆಡೆ ಸ್ಪಿರುಲಿನಾ ಬೆಳೆಸುವ ಮಾದರಿಯಾಗಿತ್ತು, ಮತ್ತು ಅದರಲ್ಲಿ ಪ್ರತಿ ಲೀಟರಿಗೆ 16.8 ಗ್ರಾಂ ಸೋಡಾ, ಎಂದರೆ ಸೋಡಿಯಂ ಬೈಕಾರ್ಬೊನೇಟ್, ಬೇಕಾಗುತ್ತಿತ್ತು. ಮೈಸೂರಿನ ಸಂಸ್ಥೆ ಸಿದ್ಧಪಡಿಸಿದ ದ್ರಾವಣದಲ್ಲಿ ಅದು 4.5 ಗ್ರಾಮಿಗೆ ಇಳಿಯಿತು; ಉಳಿದ ಸೂಕ್ಷ್ಮ ಲವಣಗಳ ಉದ್ದನೆಯ ಪಟ್ಟಿಯೂ ಸುಲಭವಾಗಿ ಸಿಗುವ ಕೆಲವೇ ರಸಾಯನಗಳಿಗೆ ಇಳಿಯಿತು. ಖರ್ಚಿನ ದೃಷ್ಟಿಯಿಂದ ನೋಡಿದರೆ, ಪ್ರಯೋಗಾಲಯದ ಕುತೂಹಲವನ್ನು ತೊಟ್ಟಿಯ ಬೆಳೆಯಾಗಿಸಿದ್ದು ಇದೇ. ಒಂದು ಗೇಣಿನಷ್ಟು ಆಳದ ತೊಟ್ಟಿ, ಬೆಳೆ ತಳಕ್ಕೆ ಕೂರದಂತೆ ನೀರನ್ನು ಮೆಲ್ಲಗೆ ಓಡಿಸುವ ಹುಟ್ಟುಚಕ್ರ, ಬೆಳಿಗ್ಗೆ ಸೋಸುವ ಬಟ್ಟೆ, ಅಂಟು ಹೋಗುವಂತೆ ಮುದ್ದೆಯನ್ನು ತೊಳೆಯಲು ಒಂದಿಷ್ಟು ಸಿಹಿನೀರು, ಶಾವಿಗೆಯಂತೆ ಒತ್ತಿ ಒಣಹಾಕಲು ಜಾಲರಿ ಇದ್ದರೆ, ಒಳ್ಳೆಯ ಬಿಸಿಲಿನಲ್ಲಿ ತೊಟ್ಟಿಯ ಪ್ರತಿ ಚದರ ಮೀಟರಿಗೆ ದಿನಕ್ಕೆ ಸುಮಾರು 8ರಿಂದ 12 ಗ್ರಾಂ ಒಣ ಪುಡಿ ಸಿಗುತ್ತದೆ. ಇದೇ ಕಾಲದಲ್ಲಿ ಮದರಾಸಿನ ಮುರುಗಪ್ಪ ಚೆಟ್ಟಿಯಾರ್ ಸಂಶೋಧನಾ ಕೇಂದ್ರದ ಸಿ. ವಿ. ಶೇಷಾದ್ರಿ ಇನ್ನೂ ಸರಳವಾದ ದಾರಿ ಹಿಡಿದು, ಹಳ್ಳಿಯ ಹೆಂಗಸರು ಮನೆಯ ಹಿತ್ತಲಿನ ಮಣ್ಣಿನ ಮಡಕೆಗಳಲ್ಲೇ ಇದನ್ನು ಬೆಳೆಯುವ ಕ್ರಮವನ್ನು ಪ್ರಯೋಗಿಸಿದರು; ಮುಂದೆ ತಮಿಳುನಾಡಿನ ಪುದುಕ್ಕೋಟೈ ಸೀಮೆಯ ಮಕ್ಕಳಿಗೆ ದಿನಕ್ಕೆ 1 ಗ್ರಾಂ ಪುಡಿ ಕೊಟ್ಟು ಎ ಜೀವಸತ್ವದ ಕೊರತೆಯಿಂದ ಬರುವ ಕಣ್ಣಿನ ಕಲೆಗಳು ಕಡಿಮೆಯಾದುದನ್ನು ವರದಿ ಮಾಡಿದರು.

ಆದರೆ ತೊಟ್ಟಿಗಳು ಸಿದ್ಧವಾಗುವ ಹೊತ್ತಿಗೆ ಅವುಗಳ ಹಿಂದಿನ ವಾದವೇ ಸಡಿಲಗೊಂಡಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಸಿ. ಗೋಪಾಲನ್ ಮತ್ತು ಸಂಖ್ಯಾಶಾಸ್ತ್ರಜ್ಞ ಪಿ. ವಿ. ಸುಖಾತ್ಮೆ, ಭಾರತದ ಬಡ ಮಗುವಿಗೆ ಮುಖ್ಯವಾಗಿ ಸಾಲದೆ ಬರುತ್ತಿರುವುದು ಪ್ರೋಟೀನಲ್ಲ, ಒಟ್ಟು ಊಟವೇ ಎಂದು ತೋರಿಸಿದರು: ಮನೆಯ ರಾಗಿ, ಜೋಳ, ಅಕ್ಕಿ, ಬೇಳೆಯನ್ನೇ ಹೊಟ್ಟೆ ತುಂಬ ಕೊಟ್ಟರೆ ಪ್ರೋಟೀನಿನ ಅಗತ್ಯ ಬಹುಮಟ್ಟಿಗೆ ತಾನಾಗಿಯೇ ಪೂರೈಸುತ್ತದೆ. 1974ರಲ್ಲಿ ಡೊನಾಲ್ಡ್ ಮೆಕ್‌ಲಾರೆನ್ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಹಿಂದಿನ ಎರಡು ದಶಕಗಳ ಪ್ರೋಟೀನ್ ಕಾರ್ಯಕ್ರಮಗಳನ್ನು ಭಾರಿ ಎಡವಟ್ಟೆಂದೇ ಕರೆದನು. ಒಂದು ಚಮಚ ಹಸಿರು ಪುಡಿಯಿಂದ ಸಿಗುವ ಪ್ರೋಟೀನು ಮೂರು-ನಾಲ್ಕು ಗ್ರಾಂ ಮಾತ್ರ. ಅಷ್ಟನ್ನು ಒಂದು ಹಿಡಿ ಹುರುಳಿ ಕಡಿಮೆ ದುಡ್ಡಿಗೆ ಕೊಡುತ್ತದೆ. ಜೊತೆಗೆ ಪುಡಿಯ ಹಸಿಹುಲ್ಲಿನ, ಸ್ವಲ್ಪ ಮೀನಿನ ವಾಸನೆಯನ್ನು ಸಹಿಸಲು ಮಕ್ಕಳು ಒಪ್ಪುತ್ತಿರಲಿಲ್ಲ. ಮೈಸೂರಿನ ಸಂಸ್ಥೆ ಮುಂದೆ ಇದಕ್ಕೆ ಕಂಡುಕೊಂಡ ಉಪಾಯ ಸ್ಪಿರುಲಿನಾ ಚಿಕ್ಕಿ: ಹುರಿದ ಕಡಲೆಕಾಯಿ ಮತ್ತು ಬೆಲ್ಲದ ಪಾಕದ ಘಮದಲ್ಲಿ ಪಾಚಿಯ ವಾಸನೆ ಅಡಗಿಹೋಗುತ್ತದೆ, ಬಣ್ಣ ಮಾತ್ರ ಉಳಿಯುತ್ತದೆ. ಬಹೂಪಯೋಗಿ ಆಹಾರದ ಕಡಲೆಕಾಯಿಯೇ ಕೊನೆಗೆ ಪಾಚಿಯ ಮಾನ ಕಾಯಿತು.

ಹೃದಯದ ಮಾತು ಈ ಕಥೆಯೊಳಗೆ ಬರುವುದು ಇಲ್ಲಿ. ಹೊಸ ಆಹಾರವೊಂದನ್ನು ಜನರಿಗೆ ಕೊಡುವ ಮೊದಲು ಅದರಿಂದ ಕೇಡಿಲ್ಲವೆಂದು ಖಚಿತಪಡಿಸಿಕೊಳ್ಳಬೇಕಾದ್ದರಿಂದ ಮೈಸೂರಿನ ತಂಡ ಬಿಳಿ ಇಲಿಗಳಿಗೆ ಪಾಚಿ ತಿನ್ನಿಸಿ ತೂಕ, ರಕ್ತ, ಯಕೃತ್ತುಗಳನ್ನು ಪರೀಕ್ಷಿಸುತ್ತಿತ್ತು. ಎಂ. ಅನುಸೂಯಾದೇವಿ ಮತ್ತು ವೆಂಕಟರಾಮನ್ 1983ರಲ್ಲಿ ಪ್ರಕಟಿಸಿದ ಪ್ರಬಂಧ ಸ್ಪಿರುಲಿನಾ ತಿಂದ ಇಲಿಗಳ ರಕ್ತದಲ್ಲಿ ಕೊಲೆಸ್ಟರಾಲ್ ಇಳಿಯಿತೆಂದು ವರದಿ ಮಾಡಿತು. ಕೊಲೆಸ್ಟರಾಲ್ ಎಂದರೆ ಯಕೃತ್ತು ತಯಾರಿಸುವ, ರಕ್ತದಲ್ಲಿ ಪ್ರೋಟೀನಿನ ಕಣಗಳ ಬೆನ್ನೇರಿ ಓಡಾಡುವ ಮೇಣದಂಥ ವಸ್ತು. ಅದನ್ನು ಹೊತ್ತ ಕಣಗಳಲ್ಲಿ ಎಲ್‌ಡಿಎಲ್ ಎಂಬ ಬಗೆಯವು ಹೆಚ್ಚಾದರೆ ಹೃದಯದ ರಕ್ತನಾಳಗಳ ಗೋಡೆಯಲ್ಲಿ ಸಂಚಯವಾಗಿ ದಾರಿ ಕಿರಿದಾಗುತ್ತದೆ. ಸ್ಪಿರುಲಿನಾ ಮತ್ತು ಹೃದಯವನ್ನು ಜೋಡಿಸುವ ಇಂದಿನ ಸಾಹಿತ್ಯದ ಆರಂಭದ ಕಲ್ಲುಗಳಲ್ಲಿ ಇದೂ ಒಂದು, ಮತ್ತು ಕನ್ನಡನಾಡಿನಲ್ಲಿ ಇದು ಬಹುಮಟ್ಟಿಗೆ ಮರೆತುಹೋಗಿದೆ. ಪ್ರೋಟೀನಿನ ವಾದ ದುರ್ಬಲವಾದ ಗಳಿಗೆಯಲ್ಲೇ ಪಾಚಿಗೆ ಔಷಧದಂಥ ಗುಣಗಳನ್ನು ಹುಡುಕುವ ಸಂಶೋಧನೆ ಎಲ್ಲೆಡೆ ಬಲಗೊಂಡದ್ದು ಕಾಕತಾಳೀಯವಾಗಿರಲಾರದು. ದುಬಾರಿಯಾದ ಪುಡಿ ಬಡವನ ಊಟವಾಗದಿದ್ದರೆ ಉಳ್ಳವನ ಮಾತ್ರೆಯಾಗಬೇಕಿತ್ತು.

ಮನುಷ್ಯರ ಮೇಲಿನ ಪರೀಕ್ಷೆಗಳು ಬೇಗನೆ ಬಂದವು. 1988ರಲ್ಲಿ ಜಪಾನಿನಲ್ಲಿ 30 ಗಂಡಸರಿಗೆ ದಿನಕ್ಕೆ 4.2 ಗ್ರಾಂ ಸ್ಪಿರುಲಿನಾ ಕೊಟ್ಟಾಗ ಎಲ್‌ಡಿಎಲ್ ಇಳಿಯಿತು, ನಿಲ್ಲಿಸಿದಾಗ ಮತ್ತೆ ಏರಿತು. 2001ರಲ್ಲಿ ಪ್ರಕಟವಾದ ಭಾರತದ ಅಧ್ಯಯನವೊಂದರಲ್ಲಿ ಸಕ್ಕರೆ ಕಾಯಿಲೆಯ 25 ಮಂದಿಯನ್ನು ಎರಡು ತಿಂಗಳು ಗಮನಿಸಲಾಯಿತು. 2016ರಲ್ಲಿ 7 ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ಒಟ್ಟು ಕೊಲೆಸ್ಟರಾಲ್, ಎಲ್‌ಡಿಎಲ್ ಮತ್ತು ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಮೂರೂ ಇಳಿಯುತ್ತವೆಂದು ಹೇಳಿತು. ಕರುಳಿನಲ್ಲಿ ಪಿತ್ತರಸದ ಆಮ್ಲಗಳು ಮರಳಿ ಹೀರಲ್ಪಡುವುದನ್ನು ಪಾಚಿಯ ನೀಲಿ ಬಣ್ಣದ ಪ್ರೋಟೀನು ತಡೆಯುವುದರಿಂದ ಹೀಗಾಗುತ್ತಿರಬಹುದೆಂಬ ವಿವರಣೆಯೂ ಇದೆ. ಇವೆಲ್ಲ ಚಿಕ್ಕ ಗುಂಪುಗಳ, ಕೆಲವು ವಾರ ಅಥವಾ ಕೆಲವು ತಿಂಗಳ ಅಳತೆಗಳು. ರಕ್ತಪರೀಕ್ಷೆಯ ಅಂಕಿ ಇಳಿಯುವುದು ಒಂದು ಸಂಗತಿ, ಹತ್ತು ವರ್ಷದಲ್ಲಿ ಹೃದಯಾಘಾತಗಳು ಕಡಿಮೆಯಾಗುವುದು ಇನ್ನೊಂದು ಸಂಗತಿ. ಮಾರಾಟಗಾರರು ಮೊದಲನೆಯದನ್ನು ತೋರಿಸಿ ಎರಡನೆಯದರ ಬೆಲೆ ಕೇಳಿದ್ದಾರೆ.

ವ್ಯಾಪಾರದ ಭಾಗವನ್ನು ಚುಟುಕಾಗಿ ಹೇಳಿದರೆ ಸಾಕು. ಬಿಸಿಲು ಹೆಚ್ಚು, ಚಳಿ ಕಡಿಮೆ ಇರುವ ದಕ್ಷಿಣ ಭಾರತ ತೊಟ್ಟಿ ಕೃಷಿಗೆ ಹೇಳಿಮಾಡಿಸಿದ ಜಾಗವಾದ್ದರಿಂದ 1990ರ ದಶಕದಲ್ಲಿ ಮೈಸೂರಿನ ಪಕ್ಕದ ನಂಜನಗೂಡಿನಲ್ಲಿ ಬಲ್ಲಾರಪುರ ಇಂಡಸ್ಟ್ರೀಸ್ ಮತ್ತು ತಮಿಳುನಾಡಿನ ಊನೈಯೂರಿನಲ್ಲಿ ಪ್ಯಾರಿ ಕಂಪನಿ ಸ್ಪಿರುಲಿನಾವನ್ನು ದೊಡ್ಡ ಪ್ರಮಾಣದಲ್ಲಿ ಬೆಳೆದವು.

ಇಂದು ಹೃದಯದ ಹೆಸರಿನಲ್ಲಿ ಮಾರಾಟವಾಗುವ ಪಾಚಿ ಎಣ್ಣೆಯ ಕ್ಯಾಪ್ಸೂಲಿಗೂ ಮೈಸೂರಿನ ಹಸಿರು ಪುಡಿಗೂ ಸಂಬಂಧವಿಲ್ಲವೆಂಬುದು ಕೊಳ್ಳುವವರಲ್ಲಿ ಹಲವರಿಗೆ ತಿಳಿಯದು. ಎಣ್ಣೆಯ ಕಥೆ ಗ್ರೀನ್‌ಲ್ಯಾಂಡಿನಲ್ಲಿ ಆರಂಭವಾಗುತ್ತದೆ: 1970ರ ದಶಕದಲ್ಲಿ ಡೆನ್ಮಾರ್ಕಿನ ಬಾಂಗ್ ಮತ್ತು ಡೈಯರ್‌ಬರ್ಗ್ ಎಂಬ ವೈದ್ಯರು ಸೀಲು, ಮೀನುಗಳನ್ನೇ ತಿನ್ನುವ ಅಲ್ಲಿನ ಜನರ ರಕ್ತವನ್ನು ಪರೀಕ್ಷಿಸಿ, ಒಮೆಗಾ-3 ಎಂಬ ಗುಂಪಿನ ಉದ್ದನೆಯ ಕೊಬ್ಬಿನಾಮ್ಲಗಳಿಗೂ ಹೃದಯದ ಆರೋಗ್ಯಕ್ಕೂ ನಂಟಿದೆಯೆಂದು ಊಹಿಸಿದರು. ಈ ಆಮ್ಲಗಳನ್ನು ಮೀನು ಬಹುಪಾಲು ತಾನೇ ತಯಾರಿಸುವುದಿಲ್ಲ. ಸಮುದ್ರದ ಸೂಕ್ಷ್ಮ ಪಾಚಿಗಳು ತಯಾರಿಸುತ್ತವೆ, ಮೀನು ಅವನ್ನು ತಿಂದು ಕೂಡಿಡುತ್ತದೆ. ಆದ್ದರಿಂದ ಅಮೆರಿಕದ ಮಾರ್ಟೆಕ್ ಎಂಬ ಕಂಪನಿ 1980ರ ದಶಕದಿಂದ ಮೀನನ್ನು ಬಿಟ್ಟು ನೇರವಾಗಿ ಮೂಲಕ್ಕೇ ಕೈಹಾಕಿ, ಇಂಥ ಸೂಕ್ಷ್ಮಜೀವಿಗಳನ್ನು ಬಿಸಿಲೇ ಇಲ್ಲದ ಉಕ್ಕಿನ ಕೊಳಗಗಳಲ್ಲಿ ಸಕ್ಕರೆ ತಿನ್ನಿಸಿ ಬೆಳೆಸಿ, ಡಿಎಚ್‌ಎ ಎಂಬ ಒಮೆಗಾ-3 ಎಣ್ಣೆಯನ್ನು ತೆಗೆಯತೊಡಗಿತು. ಮೊದಲ ಗುರಿ ಹಸುಳೆಗಳ ಹಾಲಿನಪುಡಿಯಾಗಿತ್ತು, ಆಮೇಲೆ ಸಸ್ಯಾಹಾರಿಗಳ ಕ್ಯಾಪ್ಸೂಲು. ಸ್ಪಿರುಲಿನಾದಲ್ಲಿ ಈ ಎಣ್ಣೆ ಇಲ್ಲವೆನ್ನುವಷ್ಟು ಕಡಿಮೆ.

ಈ ಎಣ್ಣೆಯ ಬಗ್ಗೆ ದೊಡ್ಡ ಪರೀಕ್ಷೆಗಳೇನೋ ನಡೆದಿವೆ, ಹೆಚ್ಚಿನವು ಮೀನಿನ ಎಣ್ಣೆಯಿಂದ. 1999ರಲ್ಲಿ ಪ್ರಕಟವಾದ ಇಟಲಿಯ ಪ್ರಯೋಗ ಹೃದಯಾಘಾತದಿಂದ ಬದುಕಿದ 11,324 ಮಂದಿಯನ್ನು ಒಳಗೊಂಡು, ದಿನಕ್ಕೆ 1 ಗ್ರಾಂ ಒಮೆಗಾ-3 ತೆಗೆದುಕೊಂಡವರಲ್ಲಿ ಸಾವುಗಳು ಕಡಿಮೆಯೆಂದು ಕಂಡಿತು; ಉತ್ಸಾಹ ಅಲ್ಲಿಂದ ಏರಿತು. 2018ರಲ್ಲಿ ಅಮೆರಿಕದ 25,871 ಆರೋಗ್ಯವಂತರ ಮೇಲಿನ ವೈಟಲ್ ಪ್ರಯೋಗ ಅಂಥ ಒಟ್ಟಾರೆ ಲಾಭವನ್ನು ಕಾಣಲಿಲ್ಲ. ಅದೇ ವರ್ಷ ರೆಡ್ಯೂಸ್-ಇಟ್ ಎಂಬ ಪ್ರಯೋಗದಲ್ಲಿ, ಟ್ರೈಗ್ಲಿಸರೈಡ್ ಹೆಚ್ಚಿದ್ದ ರೋಗಿಗಳಿಗೆ ಶುದ್ಧೀಕರಿಸಿದ ಇಪಿಎ ಎಂಬ ಇನ್ನೊಂದು ಒಮೆಗಾ-3ಅನ್ನು ದಿನಕ್ಕೆ 4 ಗ್ರಾಂ ಔಷಧವಾಗಿ ಕೊಟ್ಟಾಗ ಹೃದಯದ ಅವಘಡಗಳು 25 ಪ್ರತಿಶತ ಕಡಿಮೆಯಾದವು. ಆದರೆ ಹೋಲಿಕೆಯ ಗುಂಪಿಗೆ ಕೊಟ್ಟ ಖನಿಜ ಎಣ್ಣೆಯೇ ಅವರಿಗೆ ತೊಂದರೆ ಮಾಡಿತೇ ಎಂಬ ವಾದ ಇನ್ನೂ ಮುಗಿದಿಲ್ಲ, ಮತ್ತು ಇಪಿಎ ಜೊತೆಗೆ ಡಿಎಚ್‌ಎಯೂ ಇದ್ದ ಸ್ಟ್ರೆಂತ್ ಎಂಬ 2020ರ ಪ್ರಯೋಗ ಫಲ ಕಾಣದೆ ಅರ್ಧಕ್ಕೇ ನಿಂತಿತು. ದೊಡ್ಡ ಪ್ರಮಾಣದಲ್ಲಿ ತೆಗೆದುಕೊಂಡವರಲ್ಲಿ ಹೃದಯದ ಲಯ ತಪ್ಪುವ ಒಂದು ತೊಂದರೆ ಹೆಚ್ಚಿದ್ದೂ ಗಮನಕ್ಕೆ ಬಂದಿದೆ. ಪಾಚಿ ಎಣ್ಣೆಯ ಸಾಮಾನ್ಯ ಕ್ಯಾಪ್ಸೂಲಿನಲ್ಲಿ ಇರುವುದು ಮುಖ್ಯವಾಗಿ ಡಿಎಚ್‌ಎ, ಅದೂ ಕೆಲವು ನೂರು ಮಿಲಿಗ್ರಾಂ. ಗೆದ್ದ ಪ್ರಯೋಗದ ಔಷಧವೂ ಅದಲ್ಲ, ಪ್ರಮಾಣವೂ ಅದಲ್ಲ.

ಚೇಳೂರಿನ ಊಟಕ್ಕೆ ಬಂದರೆ ಚರ್ಚೆ ಬೇರೆಯದೇ ಆಕಾರ ಪಡೆಯುತ್ತದೆ. ತುಮಕೂರು ಜಿಲ್ಲೆ ತೆಂಗಿನ ನಾಡು, ತಿಪಟೂರು ಕೊಬ್ಬರಿಯ ಪೇಟೆ. ಸಾರು, ಪಲ್ಯ, ಚಟ್ನಿ, ಹೋಳಿಗೆಯ ಹೂರಣ ಯಾವುದೂ ಕಾಯಿಯಿಲ್ಲದೆ ಮುಗಿಯದು. ಕೊಬ್ಬರಿ ಎಣ್ಣೆಯ ಕೊಬ್ಬಿನಲ್ಲಿ ಸುಮಾರು 90 ಪ್ರತಿಶತ ಸಂತೃಪ್ತ ಬಗೆಯದು, ಎಂದರೆ ಚಳಿಗೆ ಗಟ್ಟಿಯಾಗುವ ಮತ್ತು ಎಲ್‌ಡಿಎಲ್ ಏರಿಸುವ ಬಗೆಯದು. 2020ರಲ್ಲಿ 16 ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯಲ್ಲಿ ಬೇರೆ ಸಸ್ಯಜನ್ಯ ಎಣ್ಣೆಗಳಿಗೆ ಹೋಲಿಸಿದರೆ ಅದು ಎಲ್‌ಡಿಎಲ್ ಅನ್ನು ಡೆಸಿಲೀಟರಿಗೆ ಸುಮಾರು 10 ಮಿಲಿಗ್ರಾಂ ಹೆಚ್ಚಿಸಿತು. ತುರಿದ ಕಾಯಿಗೂ ಹಿಂಡಿದ ಎಣ್ಣೆಗೂ ವ್ಯತ್ಯಾಸವಿದೆ, ಕಾಯಿಯಲ್ಲಿ ನಾರೂ ಇದೆ, ಆದ್ದರಿಂದ ತೆಂಗನ್ನು ಅಪರಾಧಿಯಾಗಿ ನಿಲ್ಲಿಸಬೇಕಿಲ್ಲ. ಆದರೆ ಕೊಬ್ಬರಿ ಮಿಠಾಯಿಯನ್ನೂ ಪಾಚಿಯ ಮಾತ್ರೆಯನ್ನೂ ಒಟ್ಟಿಗೆ ನುಂಗುವುದರಲ್ಲಿ ಅರ್ಥವಿಲ್ಲ. ಅಗಸೆ ಚಟ್ನಿಪುಡಿಯಲ್ಲಿ ಒಮೆಗಾ-3 ಗುಂಪಿನ ಚಿಕ್ಕ ಸದಸ್ಯವಾದ ಆಲ್ಫಾ ಲಿನೊಲೆನಿಕ್ ಆಮ್ಲ ಹೇರಳವಾಗಿದ್ದು, ಅಗಸೆ ಎಣ್ಣೆಯ ಅರ್ಧದಷ್ಟು ಅದೇ ಇರುತ್ತದೆ; ದೇಹ ಅದರ ಸ್ವಲ್ಪ ಭಾಗವನ್ನಷ್ಟೇ ಸಮುದ್ರದ ಬಗೆಯ ಉದ್ದನೆಯ ಆಮ್ಲಗಳಾಗಿ ಮಾರ್ಪಡಿಸಿಕೊಳ್ಳಬಲ್ಲುದು. ಭಾರತೀಯ ಸಸ್ಯಾಹಾರಿ ಊಟದಲ್ಲಿ ಒಮೆಗಾ-3 ಕಡಿಮೆಯಿರುವುದನ್ನೂ ಅದನ್ನು ಸರಿದೂಗಿಸುವ ಎಣ್ಣೆಗಳ ಆಯ್ಕೆಯನ್ನೂ ಹೈದರಾಬಾದಿನ ಪೋಷಣ ಸಂಸ್ಥೆಯ ಘಫೂರುನ್ನಿಸಾ ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ. ಹುಚ್ಚೆಳ್ಳಿನಲ್ಲಿ ಆಲ್ಫಾ ಲಿನೊಲೆನಿಕ್ ಆಮ್ಲ ಇಲ್ಲವೆನ್ನುವಷ್ಟು ಕಡಿಮೆ, ಅದರಲ್ಲಿರುವುದು ಹೆಚ್ಚಾಗಿ ಒಮೆಗಾ-6. ರುಚಿ ಮಾತ್ರ ಅದರದ್ದೇ ಮೇಲು.

ಹೊಸ ಪೋಷಕಾಂಶದ ಹೆಸರಿನಲ್ಲಿ ಚೇಳೂರು ಸ್ವತಃ ಸುದ್ದಿಯಾದದ್ದು ಪಾಚಿಯಿಂದಲ್ಲ, ಹಲಸಿನಿಂದ. ಹಲಸಿನ ಸುಗ್ಗಿಯಲ್ಲಿ ಹಣ್ಣಿನ ರಾಶಿಗಳಿಗೆ ಹೆಸರಾದ ಈ ಊರಿನ ರೈತ ಕುಟುಂಬವೊಂದು ಉಳಿಸಿಕೊಂಡು ಬಂದ ಕೆಂಪು ತೊಳೆಯ ಮರವನ್ನು 2010ರ ದಶಕದಲ್ಲಿ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ತುಮಕೂರು ಬಳಿಯ ಹಿರೇಹಳ್ಳಿ ಕೇಂದ್ರದ ಮೂಲಕ ಗುರುತಿಸಿ, ಸಿದ್ದು ಎಂಬ ಹೆಸರಿನ ತಳಿಯಾಗಿ ಹೊರತಂದಿತು. ತೊಳೆಯ ತಾಮ್ರದ ಬಣ್ಣಕ್ಕೆ ಕಾರಣವಾದ ವಸ್ತುಗಳಲ್ಲಿ ಟೊಮೆಟೊದಲ್ಲಿರುವ ಲೈಕೊಪೀನ್ ಸಹ ಒಂದು. ಲೈಕೊಪೀನನ್ನೂ ಹೃದಯಕ್ಕೆ ಜೋಡಿಸುವ ಬರಹಗಳು ಬಂದಿವೆ, ಮತ್ತು ಅವುಗಳ ಆಧಾರವೂ ಪಾಚಿಯದಕ್ಕಿಂತ ಗಟ್ಟಿಯೇನಲ್ಲ. ಆದರೆ ಹಲಸನ್ನು ತಿನ್ನಲು ಯಾವ ಭರವಸೆಯೂ ಬೇಕಿಲ್ಲ.

ಭಾರತದಲ್ಲಿ ಇಂಥ ವಸ್ತುಗಳನ್ನು 2016ರ ಆಹಾರ ಸುರಕ್ಷತಾ ನಿಯಮಗಳು ಆರೋಗ್ಯ ಪೂರಕಗಳ ವರ್ಗದಲ್ಲಿ ಇಟ್ಟಿವೆ, ಮತ್ತು ಇವು ಔಷಧೀಯ ಬಳಕೆಗಲ್ಲ ಎಂದು ಡಬ್ಬಿಯ ಮೇಲೆ ಮುದ್ರಿಸುವುದು ಕಡ್ಡಾಯ. ಕೊಳ್ಳುವವರು ಆ ಸಾಲನ್ನು ಓದಬೇಕು. ಪಾಚಿ ಬೆಳೆದ ನೀರಿನಲ್ಲಿ ಸೀಸ, ಪಾದರಸಗಳಿದ್ದರೆ ಅವು ಪುಡಿಗೂ ಇಳಿಯುತ್ತವೆಯಾದ್ದರಿಂದ ಪರೀಕ್ಷೆಯ ವಿವರ ಕೊಡದ ಬಿಡಿ ಪುಡಿಯನ್ನು ಕೊಳ್ಳಬಾರದು. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ಒಮೆಗಾ-3 ಕ್ಯಾಪ್ಸೂಲನ್ನು ಸೇರಿಸಿಕೊಳ್ಳಬಾರದು. ಕೊಲೆಸ್ಟರಾಲ್ ಅಥವಾ ರಕ್ತದೊತ್ತಡಕ್ಕೆ ವೈದ್ಯರು ಬರೆದ ಮಾತ್ರೆಯನ್ನು ಪಾಚಿಯ ಭರವಸೆಯಲ್ಲಿ ನಿಲ್ಲಿಸಬಾರದು. ಅನುಸೂಯಾದೇವಿ ಮತ್ತು ವೆಂಕಟರಾಮನ್ ಅವರ ಪ್ರಬಂಧಕ್ಕೆ ನಾಲ್ಕು ದಶಕ ಕಳೆದಿದೆ. ಸ್ಪಿರುಲಿನಾ ವಯಸ್ಕರಲ್ಲಿ ಹೃದಯಾಘಾತವನ್ನು ತಡೆಯುತ್ತದೆಯೇ ಎಂಬುದನ್ನು ನೇರವಾಗಿ ಅಳೆದ ದೊಡ್ಡ ಪ್ರಯೋಗ ಇದುವರೆಗೆ ಎಲ್ಲಿಯೂ ನಡೆದಿಲ್ಲ.